ಎಂಬತ್ತೇಳನೆಯ ಖಾಲಿ ಕವರು

ಹುಬ್ಬಳ್ಳಿ
ಜೂನ್ ೩೧, ೨೧೧೮

ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ವಿರೂಪಾಕ್ಷಪ್ಪ ಗೊಂಗಡಶೆಟ್ಟಿ ಅವರಿಗೆ, ೧೯೭೪ರ ವಿಳಾಸಕ್ಕೆ, ಮೌಲಾಲಿ ನದಾಫನ ಶರಣು.

ಜೂನ್ ತಿಂಗಳಿಗೆ ಮೂವತ್ತೊಂದನೆಯ ತಾರೀಖು ಎಲ್ಲಿಂದ ಬಂತು ಎಂದು ಮೊದಲು ಕೇಳುತ್ತೀರಿ. ನಿಮ್ಮ ನಂತರದವರು ಸೇರಿಸಿಕೊಂಡರು. ಕಾರಣ ಹೇಳಹೊರಟರೆ ಹಾಳೆ ಮುಗಿಯುತ್ತದೆ. ಮುಂದೆಯೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಕಳೆದ ಕಾಲದವರಿಗೆ ಕಾಗದ ಹಾಕುವ ಸೌಲಭ್ಯ, ಜೀವಮಾನಕ್ಕೆ ಒಂದೇ ಸಲ, ಒಂದೇ ಹಾಳೆ. ಬರೆದದ್ದನ್ನು ಹರಿಯುವಂತಿಲ್ಲ, ಹೊಡೆದುಹಾಕುವಂತಿಲ್ಲ. ಬಹಳ ಜನ ತಮ್ಮ ಅಜ್ಜನಿಗೆ ‘ಆ ಸಂಬಂಧ ಬೇಡ’ ಎಂದು ಬರೆದು ಅದನ್ನು ಕಳೆದುಕೊಳ್ಳುತ್ತಾರೆ. ಯಾವ ಅಜ್ಜನೂ ಕೇಳಿದ ದಾಖಲೆ ಇಲ್ಲ. ನಾನು ನಿಮಗೆ ಬರೆಯುತ್ತಿದ್ದೇನೆ. ನಾನು ನಿಮ್ಮ ಬಂಧುವಲ್ಲ. ನಿಮ್ಮ ಜಾಝ್ ರೆಕಾರ್ಡುಗಳು ಸದ್ಯ ನನ್ನ ವಶದಲ್ಲಿವೆ, ಅಷ್ಟೇ.

ನಾನು ಗುಜರಿ ಗಾಡಿ ತಳ್ಳಿಕೊಂಡು ಮೇಲೆ ಬಂದವನು. ಈಗ ಕೇಳ್ಮನೆಗೆ ಸಂಗ್ರಹಗಳನ್ನು ಹುಡುಕಿ ಒದಗಿಸುತ್ತೇನೆ. ಕೇಳ್ಮನೆ ಎಂದರೆ ತೀರಿಹೋದ ಒಬ್ಬರ ರೆಕಾರ್ಡುಗಳನ್ನು ಅವರಿಟ್ಟ ಕ್ರಮದಲ್ಲೇ, ಮೊದಲ ನಂಬರಿನಿಂದ ಕೊನೆಯ ನಂಬರಿನವರೆಗೆ, ಸಾಲಾಗಿ ಕೂತು ಕೇಳುವ ಜಾಗ. ಜನ ಬುತ್ತಿ ಕಟ್ಟಿಕೊಂಡು ಬಂದು ಎಂಟು ದಿನ, ಹತ್ತು ದಿನ ಕೂರುತ್ತಾರೆ. ನಮ್ಮ ಮನೆಗಳಲ್ಲಿ ಯಾವ ಸಂಗೀತ ಬೇಕೆಂದರೂ ಗೋಡೆಯೇ ನುಡಿಸುತ್ತದೆ. ಗೋಡೆಗೆ ಎಲ್ಲವೂ ಬರುತ್ತದೆ, ಆದರೆ ಇದು ಬೇಕು ಅದು ಬೇಡ ಎನ್ನುವ ಹಟ ಇಲ್ಲ. ಆ ಹಟವನ್ನು ಕೇಳಲೆಂದೇ ಜನ ಇಲ್ಲಿಗೆ ಬರುತ್ತಾರೆ.

ನಿಮ್ಮ ಹಟಕ್ಕೆ ಕೊರತೆಯಿಲ್ಲ. ರೈಲ್ವೆ ಇನ್‌ಸ್ಟಿಟ್ಯೂಟಿನ ಡಾನ್ಸ್ ಹಾಲಿನಲ್ಲಿ ಕೆಟ್ಟುನಿಂತ ಗ್ರಾಮೊಫೋನ್ ರಿಪೇರಿ ಮಾಡಲು ಹೋಗಿ ಈ ಚಟ ಹತ್ತಿಸಿಕೊಂಡಿರಿ, ಊರು ಬಿಟ್ಟು ಹೊರಟ ಆಂಗ್ಲೋ-ಇಂಡಿಯನ್ ಡ್ರೈವರುಗಳು ತಮ್ಮ ರೆಕಾರ್ಡುಗಳನ್ನು ನಿಮಗೇ ಕೊಟ್ಟುಹೋದರು ಎಂದು ನಿಮ್ಮ ವಂಶದವರು ಹೇಳುತ್ತಾರೆ. ನಾನು ಲೆಕ್ಕ ಹಾಕಿದ್ದೇನೆ. ಖಾಕಿ ಬಟ್ಟೆಯಲ್ಲಿ ನೀವೇ ಹೊಲಿದ ಕವರು ನೂರ ನಲವತ್ತು. ಹಾಡುವವರ ರೆಕಾರ್ಡು ಒಂದೂ ಇಲ್ಲ. ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಮುಂದೆ ನಿಂತು ಗುಂಯ್ ಎನ್ನುವವು ನಲವತ್ತೊಂದು. ಜಗತ್ತೇ ಮೆಚ್ಚಿದ ದೊಡ್ಡ ಬ್ಯಾಂಡಿನದು ಒಂದಿದೆ, ಅದರ ಮೇಲೆ ಪೆನ್ಸಿಲಿನಲ್ಲಿ ‘ಗದ್ದಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಇನ್ನು ಏಳು ಕವರುಗಳಿಗೆ ನಂಬರಿದೆ, ಒಳಗೆ ರೆಕಾರ್ಡಿಲ್ಲ.

ತಪ್ಪು ನಡೆದದ್ದು ಇಲ್ಲಿ, ಮಾಡಿದವನು ನಾನು. ಗುಜರಿಯವನ ಕಣ್ಣಿಗೆ ಖಾಲಿ ಎಂದರೆ ಕಳೆದುಹೋದದ್ದು. ಕೇಳ್ಮನೆಯ ಸಮಿತಿಯ ಅರ್ಜಿಯಲ್ಲಿ ‘ಏಳು ನಷ್ಟ’ ಎಂದು ತುಂಬಿ ಸಹಿ ಹಾಕಿದೆ. ನಷ್ಟ ಎಂದರೆ ಊಹಕಕ್ಕೆ ಹೋಗುತ್ತದೆ. ಊಹಕ ಒಂದು ಯಂತ್ರ. ಇದ್ದ ರೆಕಾರ್ಡುಗಳಿಂದ ನಿಮ್ಮ ರುಚಿಯನ್ನು ಕಲಿತು ಇಲ್ಲದ್ದನ್ನು ತಯಾರಿಸುತ್ತದೆ. ಒಮ್ಮೆ ಸೇರಿಸಿದರೆ ಯಾವುದು ನಿಮ್ಮದು, ಯಾವುದು ಅದರದು ಎಂಬ ಗುರುತು ಉಳಿಯುವುದಿಲ್ಲ. ಮಾದರಿಗೆಂದು ಎಂಬತ್ತೇಳನೆಯದನ್ನು ತುಂಬಿಸಿ ಅಂಬಕ್ಕನಿಗೆ ಕೇಳಿಸಿದೆ. ಅಂಬಕ್ಕ ನಿಮ್ಮ ಮರಿಮಗನ ಮಗಳು, ವಯಸ್ಸು ಎಪ್ಪತ್ತನಾಲ್ಕು. ನಿಮ್ಮ ಸಂಗ್ರಹವನ್ನು ಒಮ್ಮೆ ಮೊದಲಿಂದ ಕೊನೆಯತನಕ ಕೂತು ಕೇಳಬೇಕೆಂಬುದು ಆಕೆಗೆ ಉಳಿದಿರುವ ಒಂದೇ ಆಸೆ.

“ಛಲೋ ಐತಿ,” ಅಂದಳು. “ಎಲ್ಲಾರಿಗೂ ಛಲೋ ಅನಸೂಹಂಗ ಐತಿ. ದೊಡ್ಡಮುತ್ಯಾಗ ಸೇರಿದ್ದು ಮತ್ತ ಯಾರಿಗೂ ಸೇರತಿರಲಿಲ್ಲಂತ. ಇದು ಯಾರದೋ ಮೌಲಾಲಿ?”

“ಅಕ್ಕಾ, ಕಳದಿದ್ದನ್ನ ತುಂಬಿಸೇನಿ.”

“ಕಳದಿತ್ತು ಅಂತ ನಿನಗ ಯಾರ ಹೇಳಿದ್ರು? ಅದು ಕಿವಿ ಮುಕ್ಕಳಸೂ ಜಾಗಾ. ಜೋರ ಕಹಳೀದು ಒಂದು ಕೇಳಿದ ಮ್ಯಾಲೆ ಖಾಲಿ ಕವರ್ ತಗದು ತೊಡಿ ಮ್ಯಾಲೆ ಇಟಗೊಂಡು, ಚಾ ಮುಗಿಯೂತನಕ ಸುಮ್ನ ಕುಂದರತಿದ್ದನಂತ. ಆಮ್ಯಾಲೇ ಮುಂದಿನ ನಂಬರ್.”

ನೋಡಿದರೆ ಎಂಬತ್ತಾರು ಭರ್ಜರಿ ಟ್ರಂಪೆಟ್, ಎಂಬತ್ತೆಂಟು ಬರೀ ಬಾಸ್. ನನಗೆ ತಲೆ ಎತ್ತಲಾಗಲಿಲ್ಲ. ಸಮಿತಿಗೆ ಹೋಗಿ ಹೇಳಿದೆ. ಮನೆಮಾತು ನಡೆಯುವುದಿಲ್ಲ, ಕಣ್ಣಿಗೆ ಕಾಣುವ ಸಾಕ್ಷಿ ಬೇಕು, ಗುರುವಾರದೊಳಗೆ ತರದಿದ್ದರೆ ಏಳನ್ನೂ ತುಂಬಿಸುತ್ತೇವೆ ಎಂದರು. ಇವತ್ತು ಮಂಗಳವಾರ.

ಆದ್ದರಿಂದ ನನ್ನ ಕೋರಿಕೆ: ದಯವಿಟ್ಟು ಎಂಬತ್ತೇಳನೆಯ ಕವರಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು, ‘ಇದು ಬೇಕೆಂದೇ ಖಾಲಿ’ ಎಂದು

ಇಷ್ಟು ಬರೆದಿದ್ದೆ. ಅಂಬಕ್ಕ ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಳು.

“ಎಂಥಾ ಶ್ಯಾಣ್ಯಾ ಅದೀಯೋ! ಮುತ್ಯಾ ನಿನ್ನ ಮಾತ ಕೇಳಿ ಬರದಿದ್ರ ಅದು ಈಗ ಕವರ್ ಮ್ಯಾಲೇ ಇರಬೇಕಲ್ಲ? ತಗದು ನೋಡು.”

ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಸಾಲಿರಲಿಲ್ಲ. ನಡುವೆ ಕಂದು ಬಣ್ಣದ ಒಂದು ದುಂಡು ಗುರುತಿತ್ತು. ಅದರ ಮೇಲೆ ಇನ್ನೊಂದು, ಪಕ್ಕಕ್ಕೆ ಜರುಗಿ ಮತ್ತೊಂದು, ಕಡಿದ ಮರದ ಬಳೆಗಳಂತೆ. ಅದು ಹಳೆಯ ಕಲೆ ಎಂದು ಇಷ್ಟು ದಿನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಉಳಿದ ಆರನ್ನೂ ತೆಗೆದೆ, ಆರರ ಮೇಲೂ ಇದ್ದವು. ಆಮೇಲೆ ತುಂಬಿದ ನೂರ ಮೂವತ್ತಮೂರನ್ನು ಒಂದೊಂದಾಗಿ ತಿರುವಿದೆ. ಒಂದರ ಮೇಲೂ ಹನಿ ಬಿದ್ದ ಗುರುತಿಲ್ಲ. ರೆಕಾರ್ಡಿನ ಹತ್ತಿರ ಒದ್ದೆ ಕೈ ಸುಳಿಯಗೊಡದ ನೀವು ಈ ಏಳರ ಮೇಲೆ ಮಾತ್ರ ವರ್ಷಗಟ್ಟಲೆ ಚಹಾದ ಕಪ್ಪು ಇಟ್ಟಿದ್ದೀರಿ. ಇದಕ್ಕಿಂತ ಒಳ್ಳೆಯ ಸಹಿ ಯಾವ ಸಮಿತಿಗೂ ಸಿಗಲಾರದು.

ಅಂಬಕ್ಕ ಬಹಳ ಹೊತ್ತು ಆ ಗುರುತಿನ ಮೇಲೆ ಬೆರಳಾಡಿಸಿದಳು. ಕೊನೆಗೆ, “ದೊಡ್ಡವ್ವ ಬೈತಿದ್ಲಂತ, ಕಪ್ಪಿನ ಬುಡಕ ಬಸಿ ಇಟಗೋರಿ, ಬಟ್ಟಿ ತೊಳದು ಸಾಕಾತು ನನಗ, ಅಂತ,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನೀವು ಹೆಂಡತಿಯ ಆ ಬೈಗುಳಕ್ಕೆ ಮಣಿದರೆ ಸಾಕ್ಷಿಯೇ ಹುಟ್ಟುವುದಿಲ್ಲ. ಈ ಕಾಗದ ನಿಮ್ಮ ಕೈಗೆ ಬರುವ ದಿನ ಏಳರಲ್ಲಿ ಎಷ್ಟರ ಮೇಲೆ ಗುರುತು ಬಿದ್ದಿರುತ್ತದೆಯೋ ನನಗೆ ತಿಳಿಯದು. ಆದ್ದರಿಂದ ಮೇಲಿನ ಕೋರಿಕೆಯನ್ನು ಮರೆತುಬಿಡಿ, ಏನನ್ನೂ ಬರೆಯಬೇಡಿ. ಪೆನ್ಸಿಲಿನ ಸಾಲನ್ನು ನನ್ನಂಥ ಗುಜರಿಯವನೂ ಬರೆಯಬಲ್ಲ ಎಂದು ಸಮಿತಿಯವರು ಅನುಮಾನಪಡುತ್ತಾರೆ. ನೀವು ಹೇಗಿದ್ದೀರೋ ಹಾಗೇ ಇರಿ. ಮನೆಯವರ ಎಲ್ಲ ಮಾತನ್ನೂ ನಡೆಸಿಕೊಡಿ. ಇದೊಂದು ವಿಷಯದಲ್ಲಿ ಮಾತ್ರ ಬೈಗುಳ ತಿನ್ನಿ.

ಚಹಾ ತುಸು ಚೆಲ್ಲುವಷ್ಟು ತುಂಬಿಸಿಕೊಳ್ಳಿ. ಬಸಿ ಬಳಸಬೇಡಿ.