ಬಾಗಿಲಿನ ಬಣ್ಣ

ಅಮ್ಮಾ,

ಬಾಯಿಬಡುಕಿ ಅಂತ ಬೈಯುತ್ತಿದ್ದೆಯಲ್ಲ, ಈಗ ನನಗೆ ಅದೇ ಕೆಲಸ. ಮಹಿಳಾ ಸಂಘ, ಯುವಕರ ಸಂಘ, ಎಚ್‌ಐವಿ ಇರುವ ನಮ್ಮಂಥವರ ಸಂಘ ಮೂರೂ ಸೇರಿ ಬೀದಿಬೀದಿಯಲ್ಲಿ ತಿಳಿವಳಿಕೆ ಹೇಳುತ್ತೇವೆ. ಮೈಕು ನನ್ನ ಕೈಯಲ್ಲಿರುತ್ತದೆ. ಭಾನುವಾರ ನಿಮ್ಮ ಬೀದಿಯ ಸರದಿ. ನಾನು ಅಣ್ಣನ ತಂಗಿ ಅಂತ ಯಾರಿಗೂ ಗೊತ್ತಾಗಲು ಬಿಡುವುದಿಲ್ಲ, ಅವನಿಗೆ ಹೇಳು.

ಮಾತು ಮುಗಿದ ಮೇಲೆ ಆ ಬೀದಿಯ ಒಂದು ಮನೆಯಲ್ಲಿ ನೀರು ಕೇಳುವುದು ನಮ್ಮ ಪದ್ಧತಿ. ನಾನು ಕಚ್ಚಿ ಕುಡಿದ ಲೋಟದಲ್ಲೇ ಮಹಿಳಾ ಸಂಘದ ಅಕ್ಕ ಉಳಿದ ನೀರು ಕುಡಿಯುತ್ತಾರೆ. ಅದರಿಂದ ಏನೂ ಅಂಟುವುದಿಲ್ಲ ಅಂತ ಜನ ಕಣ್ಣಾರೆ ನೋಡಲಿ ಅಂತ.

ನಿಮ್ಮ ಮನೆ ಬಾಗಿಲಿನ ಬಣ್ಣ ಯಾವುದು, ಬರೆದು ಕಳಿಸು. ಹೊಸ ಮನೆಯನ್ನು ನಾನಿನ್ನೂ ನೋಡಿಲ್ಲವಲ್ಲ, ಗೊತ್ತಿಲ್ಲದೆ ಅಲ್ಲೇ ನೀರು ಕೇಳಿಬಿಟ್ಟೇನು.

ನಿನ್ನ ಬಾಯಿಬಡುಕಿ