ಮೆಟ್ಟಿಲ ಪಕ್ಕದ ಕೋಣೆಯಿಂದ

ಗ್ರಂಥಾಲಯ, ಮೆಟ್ಟಿಲ ಪಕ್ಕದ ಕೋಣೆ
ಜೂನ್ ೧೧, ಬುಧವಾರ

ಪ್ರೀತಿಯ ಅಕ್ಕಾ,

ಸೊಂಟನೋವು ಹೇಗಿದೆ? ಭಾವ ಇಲ್ಲಿ ತಮ್ಮ ಅಡುಗೆ ತಾವೇ ಉಂಡು ಸಾಕಷ್ಟು ಇಳಿದಿದ್ದಾರೆ. ನೀನು ವರ್ಷದ ಸಂಶೋಧನಾ ರಜೆ ಮುಗಿಸಿ ಊರಿಗೆ ಬರುವಾಗ ಅವರ ಗುರುತು ಹಿಡಿಯಲು ಒಂದು ಫೋಟೊ ಇಟ್ಟುಕೊಂಡಿರು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಪಾಠ ಮಾಡುವವರ ಚಾಳಿ. ಅದಕ್ಕೇ ಈ ಕಾಗದ.

ಬರೆಯಲು ಕೂತವಳು ಆಗಲೇ ಎರಡು ಮೂರು ಸಲ ಎದ್ದು ಬಾಗಿಲಾಚೆ ಇಣುಕಿ ಬಂದೆ. ಯಾರೂ ಇಲ್ಲ. ಸಂಶೋಧಕರಿಗೆ ನೆರವಾಗಲೆಂದು ನನ್ನನ್ನು ಈ ಕೋಣೆಯಲ್ಲಿ ಕೂರಿಸಿದ್ದಾರೆ. ಜನ ಮಾತ್ರ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ನನ್ನನ್ನು ಹಿಡಿಯುತ್ತಾರೆ. ನಿಮ್ಮ ವಿಭಾಗದ ಮೀಸೆ ಮೇಷ್ಟ್ರು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡಕೊಟ್ಟು, "ಹೇಗೂ ಸಿಕ್ಕಿದ್ರಲ್ಲ, ಆ ಹಳೇ ಪತ್ರಿಕೆ ಎಲ್ಲಾದ್ರೂ ಇದೆಯಾ ನೋಡಿ" ಅನ್ನುತ್ತಾರೆ. ಅವರ ಪಿಎಚ್‌ಡಿ ಹುಡುಗಿ ಕ್ಯಾಂಟೀನಿನಲ್ಲಿ ನನ್ನ ತಟ್ಟೆಯ ಪಕ್ಕಕ್ಕೇ ತನ್ನ ಅಡಿಟಿಪ್ಪಣಿ ಬಡಿಸುತ್ತಾಳೆ. ಹೊತ್ತಗೆ ಹೊತ್ತೇ ನನ್ನ ಹೊತ್ತು ಹೋಗುತ್ತಿದೆ. ಈ ತಿಂಗಳು ಕೋಣೆಗೇ ಬಂದವನೆಂದರೆ ಗಡ್ಡದ ಸಂಶೋಧಕನೊಬ್ಬ, ಅವನೂ ಶೌಚಾಲಯ ಹುಡುಕಿಕೊಂಡು ಬಂದದ್ದು. "ಇಂಥದ್ದೊಂದು ಇದೆ ಅಂತ ನಮ್ಮ ಗೈಡ್ ಹೇಳ್ಲೇ ಇಲ್ವಲ್ಲ ಮೇಡಂ" ಅಂದ. ಅವನ ಗೈಡಿಗೆ ಹೇಳಿದವರು ಯಾರು? ನಾವು ಕಳಿಸುವ ಇಮೇಲುಗಳನ್ನು ತೆರೆದು ಓದುವವರು ನಾವೇ.

ಈಗ ನಿರ್ದೇಶಕರು, "ಯಾರೂ ಬರದ ಕೋಣೆಗೆ ಒಬ್ಬರು ಯಾಕೆ? ಕಾಫಿ ಮಷೀನ್ ಇಡೋಣ" ಎಂದಿದ್ದಾರೆ. ತಿಂಗಳ ಕೊನೆಗೆ ಸಭೆ. ಮಷೀನು ಒಳಗೆ ಬಂದರೆ ನಾನು ಹೊರಗೆ. ನನ್ನ ಹುದ್ದೆ ಇರುವುದೇ ಈ ಕೋಣೆಯ ಹೆಸರಿನಲ್ಲಿ. ಅಧ್ಯಾಪಕರ ಅಭಿಪ್ರಾಯ ಕೇಳಿ, ಬಂದ ಉತ್ತರಗಳನ್ನು ಜೋಡಿಸುವ ಕೆಲಸವನ್ನೂ ನನಗೇ ಕೊಟ್ಟರು. ಜೋಡಿಸುತ್ತಿದ್ದಾಗ ನಿನ್ನದು ಸಿಕ್ಕಿತು: "ಇಂಥ ಸೇವೆಯ ಅಗತ್ಯ ನನಗೆ ಎಂದೂ ಬಿದ್ದಿಲ್ಲ."

ನೀನು ಸುಳ್ಳು ಬರೆದಿಲ್ಲ ಅಕ್ಕಾ, ಅದೇ ಸಂಕಟ. "ಪುಟ್ಟೀ, ಇದೊಂದು ಹುಡುಕಿಕೊಡೇ, ನಿಂಗೇನು, ಎರಡು ನಿಮಿಷದ ಕೆಲಸ" ಎಂದು ನೀನು ಕೇಳುವುದು ತಂಗಿಯನ್ನು, ಗ್ರಂಥಾಲಯವನ್ನಲ್ಲ. ಹೋದ ಪುಸ್ತಕದ ಮುನ್ನುಡಿಯಲ್ಲೂ ನನ್ನ 'ಪ್ರೀತಿ'ಗೆ ಕೃತಜ್ಞತೆ ಹೇಳಿದ್ದೀಯ. ಆ ಪ್ರೀತಿಯಲ್ಲಿ ಅರ್ಧ ನಾನು ಸಂಬಳಕ್ಕೆ ಮಾಡಿದ್ದು.

ಸೊಂಟಕ್ಕೆ ಬಿಸಿನೀರು ಕೊಡು. ಭಾರ ಎತ್ತಬೇಡ.

ನಿನ್ನ
ಪುಟ್ಟಿ

ಮರೆತಿದ್ದೆ: ಭಾನುವಾರ ನೀನು ಫೋನಿನಲ್ಲಿ ಕೇಳಿದ ಲೇಖನ ಸಿಕ್ಕಿದೆ, ಇಲ್ಲೇ ಮೇಜಿನ ಮೇಲಿದೆ. ಕಳಿಸುವುದಿಲ್ಲ. ಗ್ರಂಥಾಲಯದ ವೆಬ್‌ಸೈಟಿನಲ್ಲಿ 'ಸಂಶೋಧನಾ ನೆರವು' ಎಂದಿದೆ. ಸಭೆಗೆ ಮುಂಚೆ ಹೆಸರು, ವಿಭಾಗ ಬರೆದು ಅಲ್ಲೇ ಕೇಳು, ಕೋಣೆಯ ಲೆಕ್ಕಕ್ಕೆ ಸೇರುವುದು ಅದೊಂದೇ. ಮೀಸೆ ಮೇಷ್ಟ್ರಿಗೂ ಹೇಳು, ನಿನ್ನ ಮಾತಾದರೆ ಕೇಳುತ್ತಾರೆ. 'ಪುಟ್ಟೀ' ಎಂದು ಶುರುಮಾಡಬೇಡ, 'ಮಾನ್ಯರೇ' ಅನ್ನು. ತಕ್ಷಣ ಕಳಿಸುತ್ತೇನೆ. ಎರಡು ನಿಮಿಷದ ಕೆಲಸ.