ಕ್ಯಾಸ್ ಅಜ್ಜನಿಗೆ ಹೊಸ ಕಣ್ಣು

ಜನವರಿ 9, ಮಂಗಳವಾರ

ಬೆಳಿಗ್ಗೆಯಿಂದ ಏಳನೇ ಸುರಂಗದಲ್ಲೇ. ಚಳಿಗೆ ಬೆರಳು ಮಡಚಲಾಗುತ್ತಿಲ್ಲ. ಚಳಿಗಾಲಕ್ಕೆ ಮನರಂಜನಾ ಪಾರ್ಕು ಮುಚ್ಚಿದ್ದರೂ, ಜನ ಬಂಡಿಯಲ್ಲಿ ಕೂತು ಸುತ್ತುವ ಈ ಕತ್ತಲೆಯ ರೈಡಿನೊಳಗೆ ವಾರಕ್ಕೊಮ್ಮೆ ಸುತ್ತಿ ನೋಡಲೇಬೇಕು — ಇಲಿ ವೈರು ಕಡಿದಿದೆಯೋ, ಹಳಿ ತುಕ್ಕು ಹಿಡಿದಿದೆಯೋ. ರಿಪೇರಿ ವಿಭಾಗಕ್ಕೆ ನಾನೇ ಯಜಮಾನಿ, ನಾನೇ ಆಳು. ಗಣಿಯ ಮಾಡು ಕುಸಿಯುವ ದೃಶ್ಯದಲ್ಲಿ ತೊಲೆ ಮತ್ತೆ ಅರ್ಧಕ್ಕೇ ನಿಂತಿದೆ. ಗಾಳಿಯ ಪೈಪು ಸೋರುತ್ತಿದೆ. ಬಾವಲಿಗಳು ಸರಿ. ಮೋಟರು ಸರಿ.

ಕೊನೆಯ ತಿರುವಿನಲ್ಲಿ ಅಪ್ಪ. ರಬ್ಬರು ಚರ್ಮ ಕೆನ್ನೆಯ ಹತ್ತಿರ ಬಿರಿದು ಒಳಗಿನ ಸ್ಪಂಜು ಕಾಣುತ್ತಿದೆ. ಅಂಟು ಕೈಯಲ್ಲೇ ಇತ್ತು. ಹಚ್ಚಲಿಲ್ಲ. ಬಿರಿಯಲಿ.

ಊರಿಗೆಲ್ಲ ಅವನು ಕ್ಯಾಸ್ ಅಜ್ಜ. ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಇಲ್ಲಿ ಬಡಗಿಯಾಗಿ ಸೇರಿ ಈ ಸುರಂಗ ಕಟ್ಟಿದ. ಕೊನೆಗೆ ತನ್ನ ಮುಖಕ್ಕೇ ಪ್ಲಾಸ್ಟರ್ ಮೆತ್ತಿಕೊಂಡು ಅಚ್ಚು ತೆಗೆದು ಈ ಬೊಂಬೆ ಮಾಡಿ ಕೂರಿಸಿದ. ಕೈಯಲ್ಲಿ ಲಾಂದ್ರ. ಸ್ಪೀಕರಿನಲ್ಲಿ ಅವನದೇ ದನಿ: “ಮತ್ತೆ ಬನ್ನಿ ಮಕ್ಕಳೇ, ದೀಪ ಹಚ್ಚಿಟ್ಟಿರ್ತೀನಿ.” ಪೆನ್ಸಿಲ್ವೇನಿಯಾದ ಈ ಮೂಲೆಯಲ್ಲಿ ಆ ಮಾತು ಕೇಳಿಸಿಕೊಂಡು ಕಣ್ಣೊರೆಸಿಕೊಳ್ಳದ ಮುದುಕರೇ ಇಲ್ಲ. ಸತ್ತು ಇಷ್ಟು ವರ್ಷವಾಯಿತು. ಇನ್ನೂ ದೀಪ ಹಚ್ಚುತ್ತಿದ್ದಾನೆ, ದರಿದ್ರದವನು.

ಅವನ ಊಟದ ಡಬ್ಬಿಯಲ್ಲಿ ಒಣಗಿದ ಬ್ರೆಡ್ಡಿನ ತುಂಡು. ಗಣಿಯವರು ಇಲಿಗಳಿಗೆಂದು ಕೊನೆಯ ತುತ್ತು ಬಿಡುತ್ತಿದ್ದರಲ್ಲ, ಅದೇ ಅಭ್ಯಾಸ. ರೈಡ್ ಓಡಿಸುವವರು ಈಗಲೂ ಸೀಸನ್ನಿನಲ್ಲಿ ದಿನಾ ಬೆಳಿಗ್ಗೆ ಇಟ್ಟು ಹೋಗುತ್ತಾರೆ, ಇಡದಿದ್ದರೆ ಬಂಡಿ ಕೆಟ್ಟು ನಿಲ್ಲುತ್ತದಂತೆ. ತೆಗೆದು ಎಸೆದೆ. ಇವರಿಂದಲೇ ನನಗೆ ಇಲಿಕಾಟ.

ಜನವರಿ 12

ಗ್ರೆಚೆನ್ ಉಮ್‌ಹೋಲ್ಟ್ಸ್ ಕರೆಸಿದ್ದಳು. ಪಾರ್ಕು ಅವಳ ತಾತನ ಕಾಲದ್ದು, ಈಗ ಅವಳ ಕೈಯಲ್ಲಿದೆ. ಏಳನೇ ಸುರಂಗವನ್ನು ಪೂರ್ತಿ ಹೊಸದು ಮಾಡುತ್ತಾಳಂತೆ. ಪ್ರೊಜೆಕ್ಟರು, ಹೊಗೆ, ಗಂಧಕದ ವಾಸನೆ, ಸೀಟಿನ ಕೆಳಗೆ ನಡುಕ.

“ಬೊಂಬೆಗಳು?” ಅಂದೆ.

“ಎಲ್ಲಾ ಹೋಗತ್ತೆ ಲೊರೆಟಾ. ನಿನಗೆ ಬೇಜಾರಾಗತ್ತೆ ಅಂತ ಗೊತ್ತು. ಅದಕ್ಕೇ ನಿನಗೇ ಮೊದಲು ಹೇಳಿದ್ದು.”

ಮುಖ ಗಂಟು ಹಾಕಿಕೊಂಡು ಹೊರಗೆ ಬಂದೆ. ಟ್ರಕ್ಕಿನಲ್ಲಿ ಕೂತ ಮೇಲೆ ನಕ್ಕೆ. ಎಷ್ಟು ನಕ್ಕೆನೆಂದರೆ ಗಾಜೆಲ್ಲ ಮಂಜಾಯಿತು. ದಾರಿಯಲ್ಲಿ ಬಿಯರು ಕೊಂಡು ತಂದೆ.

ಜನವರಿ 28

ಸುದ್ದಿ ಹೊರಬಿತ್ತು. ಊರು ಹುಚ್ಚೆದ್ದಿದೆ. ಮನೆಮನೆಯ ಮುಂದೆ ‘ಕ್ಯಾಸ್ ಅಜ್ಜನನ್ನು ಉಳಿಸಿ’ ಅಂತ ಬೋರ್ಡು. ಶಾಲೆ ಮುಚ್ಚಿದಾಗ ಇವರಲ್ಲಿ ಒಬ್ಬನೂ ಬೋರ್ಡು ನೆಟ್ಟಿರಲಿಲ್ಲ. ಹಳೇ ರೈಡುಗಳ ಅಭಿಮಾನಿಗಳ ಸಂಘವೊಂದು ಇದೆಯಲ್ಲ — ರಜೆ ಹಾಕಿ ದೇಶವೆಲ್ಲ ಸುತ್ತಿ ಭೂತದ ಬಂಡಿಗಳಲ್ಲಿ ಕೂತು ಬರುವ ಗಡ್ಡದ ಗಂಡಸರು — ಅವರದು ಗ್ರೆಚೆನ್‌ಗೆ ದಿನಾ ಫೋನು.

ಮುಂದಾಳು ಯಾರು? ನನ್ನ ತಂಗಿ. ಬರ್ನಡೀನ್ ಟೀವಿಯಲ್ಲೂ ಬಂದಳು. “ಅಪ್ಪ ಈ ಊರಿನ ಮಕ್ಕಳಿಗೆಲ್ಲ ಅಜ್ಜ,” ಎಂದು ಮೂಗು ಒರೆಸಿಕೊಂಡಳು. ಟೀವಿ ಆರಿಸಿದೆ.

ಫೆಬ್ರವರಿ 14, ಬೂದಿ ಬುಧವಾರ

ಚರ್ಚಿನ ಹಾಲ್. ಪಿರೋಗಿ ಕಡುಬು ಬೇಯಿಸುವ ಹೆಂಗಸರ ಪಕ್ಕದಲ್ಲೇ ಮೇಜು ಹಾಕಿಕೊಂಡು ಸಹಿ ಸಂಗ್ರಹ. ಬರ್ನಡೀನ್ ಹಣೆಯಲ್ಲಿ ಪಾದ್ರಿ ಇಟ್ಟ ಬೂದಿ, ಕೈಯಲ್ಲಿ ಪೆನ್ನು. ನನ್ನ ಕಡೆ ಚಾಚಿದಳು.

“ನಾನು ಹಾಕಲ್ಲ.”

“ಜನ ನೋಡ್ತಿದಾರೆ, ಲೊರೆಟಾ.”

“ನೋಡ್ಲಿ. ಏನು ನೋಡ್ದಿರೋದು ಅವರು?”

“ಅವನು ನಿನ್ನ ಅಪ್ಪ ಕಣೇ.”

“ಗೊತ್ತು. ಅದಕ್ಕೇ ಹಾಕಲ್ಲ.”

ದನಿ ತಗ್ಗಿಸಿ ಹಲ್ಲು ಕಚ್ಚಿಕೊಂಡು ಹೇಳಿದಳು: “ಅಪ್ಪ ನನ್ನ ಮೇಲೆ ಒಂದು ದಿನಾನೂ ಕೈ ಎತ್ತಿಲ್ಲ. ನೀನೇ ಮೊಂಡಿ. ಎದುರುತ್ತರ ಕೊಟ್ಟು ಏಟು ತಿಂತಿದ್ದೆ. ಒಂದು ಕೊಟ್ರೆ ಹತ್ತು ಅಂತ ಹೇಳ್ಕೊಂಡು ತಿರುಗ್ತೀಯ. ಅಮ್ಮನೂ ಅದೇ ಹೇಳ್ತಿದ್ಲು.”

ಪಿರೋಗಿ ತಿನ್ನದೆ ಬಂದುಬಿಟ್ಟೆ.

ಅವಳ ಮೇಲೆ ಕೈ ಎತ್ತಿಲ್ಲ. ನಿಜ. ಒಂದೇ ಮಂಚ ನಮಗಿಬ್ಬರಿಗೂ. ಗೋಡೆಯ ಕಡೆ ಅವಳು, ಬಾಗಿಲ ಕಡೆ ನಾನು. ಅವನ ಕೈಗೆ ಮೊದಲು ಸಿಗುತ್ತಿದ್ದವಳು ನಾನು. ಆ ಹೊತ್ತಿಗೆ ಅವಳು ಸದಾ ನಿದ್ದೆ. ಆರು ವರ್ಷ ಚಿಕ್ಕವಳು, ಅವಳಿಗೇನು ಗೊತ್ತು, ನಿದ್ದೆ ಮಾಡಲಿ ಎಂದೇ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಅದಕ್ಕೆ ಸಿಕ್ಕ ಕೂಲಿ ಇದು — ಮೊಂಡಿ.

ಮಾರ್ಚ್ 6

ಗ್ರೆಚೆನ್ ಕಾಲು ಹಿಂದೆ ತೆಗೆದಳು. ಕ್ಯಾಸ್ ಅಜ್ಜ ಉಳಿಯುತ್ತಾನೆ. “ಬರೀ ಉಳಿಯೋದಲ್ಲ, ಮೊದಲಿಗಿಂತ ಜೀವಂತವಾಗಿ,” ಅಂದಳು, ಬಹುಮಾನ ಕೊಡುವವಳ ಹಾಗೆ.

ಕ್ಯಾಲಿಫೋರ್ನಿಯಾದಿಂದ ಇಮೆಲ್ಡಾ ಓರೋಸ್ಕೊ ಎಂಬವಳು ಬಂದಿದ್ದಾಳೆ. ದೊಡ್ಡ ದೊಡ್ಡ ಪಾರ್ಕುಗಳ ಹಳೇ ರೈಡುಗಳಿಗೆ ಹೊಸ ಮಾಯೆ ತುಂಬುವುದೇ ಅವಳ ಕೆಲಸ. ಬೋಳು ಬಿಳಿ ತಲೆಯೊಂದನ್ನು ಮೇಜಿನ ಮೇಲಿಟ್ಟು ದೀಪ ಆರಿಸಿ ಪ್ರೊಜೆಕ್ಟರ್ ಹಾಕಿದಳು. ಹಳೇ ಫೋಟೋಗಳಿಂದ ಮಾಡಿದ ಮುಖ. ಅಪ್ಪ ಕಣ್ಣು ಮಿಟುಕಿಸಿದ. ಕ್ಯಾಮೆರಾ ಬೇರೆ ಇರುತ್ತದಂತೆ, ಯಾವ ಬಂಡಿ ಬಂದರೂ ಅದರಲ್ಲಿ ಕೂತವರನ್ನೇ ನೋಡುತ್ತಾನಂತೆ. ನಾನು ಎಡಕ್ಕೆ ಸರಿದೆ. ಎಡಕ್ಕೆ ನೋಡಿದ. ಬಲಕ್ಕೆ. ಬಲಕ್ಕೆ.

ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅವನ ದನಿಯಲ್ಲಿ ಏನು ಬೇಕಾದರೂ ಹೇಳಿಸಬಹುದು. ಅದಕ್ಕೆ ಇಬ್ಬರೂ ಹೆಣ್ಣುಮಕ್ಕಳ ಒಪ್ಪಿಗೆ ಬೇಕು. ಬರ್ನಡೀನ್ ಆಗಲೇ ಕೊಟ್ಟಾಗಿದೆ.

“ನಾನು ಕೊಡದಿದ್ರೆ?”

“ದನಿ ಇರಲ್ಲ. ಮುಖ ಇರತ್ತೆ. ಅವರು ಮೂಕರಾಗಿ ನೋಡ್ತಾ ಇರ್ತಾರೆ.”

ಕೊಡುವುದಿಲ್ಲ ಅಂದೆ.

ಸೀಸನ್ನಿನಲ್ಲಿ ದಿನಾ ಬೆಳಿಗ್ಗೆ ಒಬ್ಬಳೇ ಹಳಿಯ ಮೇಲೆ ನಡೆದು ಪರೀಕ್ಷೆ ಮಾಡಬೇಕಾದವಳು ನಾನು. ಇಷ್ಟು ದಿನ ಅವನ ಪಕ್ಕ ಹಾದು ಹೋಗಲು ಸಾಧ್ಯವಾಗುತ್ತಿದ್ದದ್ದು ಯಾಕೆಂದರೆ ಅವು ಗಾಜಿನ ಗೋಲಿಗಳು. ನಾನು ಅವನನ್ನು ನೋಡಬಹುದಿತ್ತು, ಅವನು ನನ್ನನ್ನು ನೋಡುವಂತಿರಲಿಲ್ಲ. ಈಗ ಕಣ್ಣು ಕೊಡುತ್ತಾರೆ. ನನಗೆ ಭಯವಾಗುತ್ತಿದೆ. ಅರವತ್ತು ದಾಟಿದ ಹೆಂಗಸು, ಪ್ರೊಜೆಕ್ಟರಿಗೆ ಹೆದರುತ್ತಿದ್ದೇನೆ.

ಮಾರ್ಚ್ 15

ಒಪ್ಪಿಗೆ ಇನ್ನೂ ಕೊಟ್ಟಿಲ್ಲ.

ಬೇಕರಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರಿನ ಮೇಲೆ ಉರುಳಿಸಿದಳು. ಟ್ರಕ್ಕಿನ ಗಾಜಿಗೆ ಯಾರೋ ಇದ್ದಲ ಪುಡಿ ಬಳಿದಿದ್ದಾರೆ. ಬೆರಳಲ್ಲಿ ಬರೆದದ್ದು: ‘ಅಪ್ಪನ ಬಾಯಿ ಮುಚ್ಚಿಸಿದವಳು’. ತೊಳೆಯಲಿಲ್ಲ. ಹಾಗೇ ಓಡಿಸಿಕೊಂಡು ಹೋಗಿ ಬರ್ನಡೀನಳ ಮನೆ ಮುಂದೆ ಎರಡು ಸುತ್ತು ಹೊಡೆದು ಬಂದೆ.

ಮಾರ್ಚ್ 27

ಇಮೆಲ್ಡಾ ವರ್ಕ್‌ಶಾಪಿಗೆ ಬಂದಳು, ಇಬ್ಬರಿಗೂ ಕಾಫಿ ಹಿಡಿದುಕೊಂಡು. ಬೆಣ್ಣೆ ಮಾತಾಡುವುದಿಲ್ಲ ಇವಳು, ಅದೊಂದು ಒಳ್ಳೆಯದು.

“ಹಳೇ ಸಾಲು ಸಾಕಾಗಲ್ಲ ಅಂತಾರೆ ಆ ಸಂಘದವರು. ನಿಮ್ಮಪ್ಪ ಮನೇಲಿ ಆಡ್ತಿದ್ದ ನಿಜವಾದ ಮಾತು ಒಂದು ಬೇಕಂತೆ. ನಾಟಕದ್ದು ಬೇಡ, ಅಸಲಿ ಬೇಕು. ಒಂದೇ ಹಠ.”

“ಬರ್ನಡೀನ್ ಏನು ಕೊಟ್ಲು?”

“‘ಬಾ ಬಂಗಾರ, ಉಂಡ್ಯಾ?’”

ನಗು ಬಂತು. ಅಸಲಿ ಬೇಕಂತೆ ಇವರಿಗೆ. ಬೇರೆ ಯಾವ ಊರಿನವರೂ ಸತ್ತವನ ಮನೆಯ ಮಾತನ್ನು ಟಿಕೆಟ್ಟು ಕೊಂಡು ಕೇಳಲಾರರು. ಸರಿ. ತಗೊಳ್ಳಿ.

ಒಪ್ಪಿಗೆ ಕೊಡುತ್ತೇನೆ ಅಂದೆ. ಒಂದೇ ಷರತ್ತು — ಸಾಲು ನನ್ನದು, ಬಂಡಿಯಲ್ಲಿ ಕೂರುವ ತನಕ ಬರ್ನಡೀನ್‌ಗೆ ಯಾರೂ ಹೇಳಬಾರದು. ಹೇಳಿದೆ:

“ಅಳ್ತಿರೋದು ಯಾರು? ಇರು, ದೀಪ ಆರಿಸಿ ಬಂದೆ.”

ಇಮೆಲ್ಡಾ ಬರೆದುಕೊಂಡಳು. ಕೆಲಸದವಳು, ತಕ್ಷಣ ಲೆಕ್ಕ ಹಾಕಿದಳು: ಲಾಂದ್ರ ಆರುತ್ತದೆ, ಪೂರ್ತಿ ಕತ್ತಲೆ, ಆಮೇಲೆ ಕ್ಯಾಮೆರಾ ಫ್ಲ್ಯಾಶ್, ಕೂತವರ ಫೋಟೋ. “ಸಖತ್ತಾಗಿ ಬರತ್ತೆ,” ಅಂದವಳು ತಲೆ ಎತ್ತಿ ನನ್ನ ಮುಖ ನೋಡಿದಳು. “ಅವರು ಇದನ್ನ... ತಮಾಷೆಗೆ ಹೇಳ್ತಿದ್ರಾ?”

“ದನಿ ಏರಿಸಬೇಡಿ,” ಅಂದೆ. “ಅವನು ಕೂಗ್ತಿರ್ಲಿಲ್ಲ. ಮೆಲ್ಲಗೆ ಹೇಳ್ತಿದ್ದ.”

ಅವಳು ಕಾಫಿ ಅರ್ಧಕ್ಕೆ ಬಿಟ್ಟು ಹೋದಳು.

ಏಪ್ರಿಲ್ 30

ಟೆಸ್ಟ್. ಮೊದಲ ಬಂಡಿಯಲ್ಲಿ ನಾನೊಬ್ಬಳೇ.

ತೊಲೆ ಬೀಳುವುದು ಈಗ ಪರದೆಯ ಮೇಲೆ, ಧೂಳು ಮಾತ್ರ ನಿಜ. ಚೆನ್ನಾಗಿದೆ, ಒಪ್ಪುತ್ತೇನೆ. ಕೊನೆಯ ತಿರುವು. ನೋಡಿದ. ನನ್ನನ್ನೇ. ಮೆಲ್ಲಗೆ ಹೇಳಿದ. ಅದೇ ಎಳೆತ, ‘ಇರು’ ಅಂದ ಮೇಲೆ ಅದೇ ಉಸಿರು. ದೀಪ ಹೋಯಿತು.

ಇಳಿದು ಕಂಪ್ರೆಸರಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಇಮೆಲ್ಡಾ ನೀರು ತಂದು ಕೊಟ್ಟಳು.

“ತೆಗೆದುಬಿಡ್ತೀನಿ. ಬೇರೆ ಏನಾದ್ರೂ ಹಾಕೋಣ. ಯಾರಿಗೂ ಕಾರಣ ಹೇಳ್ಬೇಕಿಲ್ಲ.”

“ಬೇಡ. ಇರ್ಲಿ.”

“ಯಾಕ್ರೀ ನಿಮಗೆ ಈ ಹಿಂಸೆ?”

ಯಾಕೆಂದು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಬರ್ನಡೀನ್ ಒಂದು ಸಲ, ಒಂದೇ ಸಲ, ಆ ಕತ್ತಲೆಯಲ್ಲಿ ಬಾಗಿಲ ಕಡೆ ಕೂರಬೇಕು. ಆಮೇಲೆ ಮೊಂಡಿ ಅನ್ನಲಿ ನೋಡೋಣ.

ಮೇ 18

ಸಂಘದವರಿಗೂ ಊರಿನ ಹಿರಿಯರಿಗೂ ಮೊದಲ ಆಟ. ಬರ್ನಡೀನ್ ಬರಲಿಲ್ಲ, ಮೊಮ್ಮಗಳನ್ನು ಬಟ್ಟೆ ಕೊಡಿಸಲು ಕರೆದುಕೊಂಡು ಹೋಗಿದ್ದಳಂತೆ. ಅವಳಿಗೆ ಅಚ್ಚರಿಯಾಗಲಿ, ಸಾಲು ಗುಟ್ಟಾಗಿರಲಿ ಅಂತ ಗ್ರೆಚೆನ್ ಎಲ್ಲರಿಂದಲೂ ಮಾತು ತೆಗೆದುಕೊಂಡಳು.

ನಕ್ಕರು. ಆ ಸಾಲಿಗೆ ಎಲ್ಲರೂ ನಕ್ಕರು. ಕಿರುಚಿ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಇನ್ನೊಂದು ಸಲ ಅಂತ ಮತ್ತೆ ಸಾಲಿನಲ್ಲಿ ನಿಂತರು. ಗಡ್ಡದವನೊಬ್ಬ ನನ್ನ ಕೈ ಕುಲುಕಿ, “ಮೇಡಂ, ಇದು ಅಸಲಿ,” ಅಂದ. ಬೇಕರಿಯವಳು ಬಂದು ಅಪ್ಪಿಕೊಂಡಳು. ಗ್ರೆಚೆನ್ ಟೀ ಶರ್ಟಿಗೆ ಆರ್ಡರ್ ಕೊಟ್ಟೂ ಆಗಿದೆ: ‘ಇರು, ದೀಪ ಆರಿಸಿ ಬಂದೆ’. ಮಕ್ಕಳ ಸೈಜೂ ಇದೆ.

ಮಕ್ಕಳ ಸೈಜು. ಇಡೀ ಊರಿನ ಮುಖಕ್ಕೆ ಉಗಿಯಬೇಕೆಂದಿದ್ದೆ, ಊರು ಅದನ್ನೇ ತೀರ್ಥ ಅಂತ ಕುಡಿಯಿತು. ಇವರನ್ನು ಏನು ಮಾಡಿದರೆ ನೋಯುತ್ತದೆ?

ಮೇ 25, ಶನಿವಾರ

ಸೀಸನ್ ಶುರು. ಬೆಳಿಗ್ಗೆ ಹಳಿ ನಡೆದು ನೋಡಿದೆ, ತಲೆ ತಗ್ಗಿಸಿಕೊಂಡು. ಆಮೇಲೆ ಫೋಟೋ ಕೌಂಟರಿನ ಪ್ರಿಂಟರು ಕೈಕೊಟ್ಟಿತು ಅಂತ ಅಲ್ಲಿಗೆ ಹೋದೆ.

ಬರ್ನಡೀನ್ ಮೊದಲ ಬಂಡಿಯಲ್ಲಿ ಕೂತಳು, ಮೊಮ್ಮಗಳ ಜೊತೆ. ಹೊಸ ಟೀ ಶರ್ಟು ಕಾಣದಿರಲೆಂದು ಅಂಗಡಿಯ ಬಾಗಿಲನ್ನು ನಾನೇ ಹಾಕಿಸಿದ್ದೆ. ಕೈ ಬೀಸಿದಳು — ನನಗಲ್ಲ, ಟೀವಿಯವರಿಗೆ. ಬಂಡಿ ಒಳಗೆ ಹೋಯಿತು. ನಾನು ಸ್ಕ್ರೂ ಡ್ರೈವರ್ ಹಿಡಿದು ಪರದೆಯನ್ನೇ ನೋಡುತ್ತಾ ನಿಂತೆ.

ಫೋಟೋ ಬಂತು. ಹಿಂದಿನ ಸೀಟಿನವರೆಲ್ಲ ನಗುತ್ತಿದ್ದಾರೆ. ಮೊಮ್ಮಗಳು ಎರಡೂ ಕೈ ಮೇಲೆತ್ತಿ ಕಿರುಚುತ್ತಿದ್ದಾಳೆ. ಬರ್ನಡೀನ್ ಹೆದರಿ ಅಪ್ಪನನ್ನು ನೋಡುತ್ತಿಲ್ಲ. ಕಿವಿ ಮುಚ್ಚಿಕೊಂಡಿಲ್ಲ. ಮೊಣಕಾಲನ್ನು ಎದೆಗೆ ಎಳೆದುಕೊಂಡು, ಸ್ವೆಟರನ್ನು ತಲೆಯ ಮೇಲೆ ಎಳೆದುಕೊಂಡು, ಬಂಡಿಯ ಪಕ್ಕದ ತಗಡಿಗೆ ಕೆನ್ನೆ ಒತ್ತಿ ಮುದುಡಿ ಮಲಗಿದ್ದಾಳೆ. ಮಂಚದ ಗೋಡೆಯ ಕಡೆ ಮಲಗುತ್ತಿದ್ದ ಹಾಗೆಯೇ. ಕಣ್ಣು ಬಿಗಿಯಾಗಿ ಮುಚ್ಚಿದೆ. ನಿದ್ದೆ ಬಂದವರ ಕಣ್ಣು ಹಾಗಿರುವುದಿಲ್ಲ.

ಜನ ಕೌಂಟರಿಗೆ ಮುತ್ತಿದರು. “ನೋಡ್ರಿ ನಮ್ಮ ಬರ್ನಡೀನ್ನ, ಅಪ್ಪಂಗೇ ಹೆದರವ್ಳೆ,” ಅಂದ ಒಬ್ಬ. ಎಲ್ಲರೂ ನಕ್ಕರು. ಅವಳು ಪರದೆ ನೋಡಿದಳು. ಆಮೇಲೆ ನನ್ನನ್ನು. ಬಣ್ಣ ಹೋಗಿತ್ತು ಮುಖದಲ್ಲಿ. ಮೊಮ್ಮಗಳ ಕೈ ಹಿಡಿದು ಟೀವಿಯವರನ್ನು ದಾಟಿ ನಡೆದೇಬಿಟ್ಟಳು.

ಗೆದ್ದೆ ಅನಿಸಬೇಕಿತ್ತು. ಇಡೀ ದಿನ ಕಾದೆ, ಅನಿಸಲಿಲ್ಲ. ಫೋಟೋ ಅಳಿಸಿ ಹಾಕಿದೆ.

ಮೇ 26, ಭಾನುವಾರ, ಬೆಳಿಗ್ಗೆ

ಕೆಲಸಕ್ಕೆ ಹೊರಡುವ ಹೊತ್ತು. ಬರ್ನಡೀನಳ ಕಾರು ಬಂದು ನಿಂತಿದೆ. ಇಳಿದಿಲ್ಲ. ಚರ್ಚಿನ ಪೂಜೆಗೆ ಹೋಗುವ ಬಟ್ಟೆ, ಪೂಜೆಗೆ ಹೋಗಿಲ್ಲ.

ಆ ಸಾಲು ತೆಗೆಸು ಅನ್ನಲು ಬಂದಿದ್ದರೆ ಬಾಗಿಲು ತೆಗೆಯುವುದಿಲ್ಲ. ಅಪ್ಪನ ಮಾನ ಕಳೆದೆ ಅನ್ನಲು ಬಂದಿದ್ದರೆ ಖಂಡಿತ ತೆಗೆಯುವುದಿಲ್ಲ. ಈ ಟೇಬಲ್ಲಿನಲ್ಲೇ ಕೂತು ಬರೆಯುತ್ತಿರುತ್ತೇನೆ. ತಟ್ಟಿಕೊಳ್ಳಲಿ.

ಇಳಿದಳು. ಮೆಟ್ಟಿಲು ಹತ್ತಿದಳು. ತಟ್ಟುತ್ತಿದ್ದಾಳೆ.

“ಲೊರೆಟಾ. ತೆಗೀಬೇಡ, ಪರ್ವಾಗಿಲ್ಲ. ಇಲ್ಲಿಂದ್ಲೇ ಹೇಳ್ತೀನಿ.”

ಬಾಗಿಲಿಗೆ ಬಾಯಿ ಹಚ್ಚಿ ಹೇಳುತ್ತಿದ್ದಾಳೆ.

“ನಾನು ನಿದ್ದೆ ಮಾಡ್ತಿರ್ಲಿಲ್ಲ ಕಣೇ. ಒಂದು ದಿನಾನೂ ಮಾಡ್ತಿರ್ಲಿಲ್ಲ. ಎಚ್ಚರ ಇದ್ದೇ ಇರ್ತಿದ್ದೆ.”

ಎಚ್ಚರವಿದ್ದಳಂತೆ. ನಾನು ಉಸಿರು ಕಟ್ಟಿ ದಿಂಬು ಕಚ್ಚಿಕೊಂಡಿದ್ದು ಅವಳ ನಿದ್ದೆ ಕೆಡದಿರಲಿ ಎಂದು. ಎಚ್ಚರವಿದ್ದೂ ಈ ಊರಿನ ಮುಂದೆ ನಿಂತು ನನ್ನನ್ನು ಮೊಂಡಿ ಅಂದಳು. ಪೆನ್ನು ಇಡುತ್ತೇನೆ.